ಓದದ ಸಿಡಿಯಿಂದ ಪ್ರವಾಸದ ಫೋಟೋ, ವಿಡಿಯೋ ತೆಗೆಯುವುದು: ನನ್ನ ಅಧ್ಯಯನ ಟಿಪ್ಪಣಿ

ನಮ್ಮ ಮನೆಯ ಬೀರುವಿನಲ್ಲಿ 2007ರ ಪ್ರವಾಸದ 4 ಡಿಸ್ಕ್ ಉಳಿದಿದ್ದವು. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೊನೆಗೆ ಬಿಜಾಪುರ. ಮೂರು ಸಿಡಿಯಲ್ಲಿ ಫೋಟೋ, ಒಂದು ಪುಟ್ಟ ಡಿವಿಡಿಯಲ್ಲಿ ವಿಡಿಯೋ. ಕ್ಯಾಮೆರಾದ ಕಾರ್ಡ್ ತುಂಬಿದರೆ ಹತ್ತಿರದ ಸ್ಟುಡಿಯೋಗೆ ಹೋಗಿ ಸಿಡಿಗೆ ಹಾಕಿಸಿ, ಕಾರ್ಡ್ ಖಾಲಿ ಮಾಡಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದ ಕಾಲ ಅದು. ಹಾಗಾಗಿ ಈ ಫೋಟೋಗಳಿಗೆ ಬೇರೆ ಪ್ರತಿ ಎಲ್ಲೂ ಇಲ್ಲ. ಅಜ್ಜಿ ನಮ್ಮ ಜೊತೆ ಬಂದ ಕೊನೆಯ ಪ್ರವಾಸವೂ ಅದೇ.

ಕಳೆದ ತಿಂಗಳು ಹಾಕಿ ನೋಡಿದರೆ ಒಂದೂ ಸರಿಯಾಗಿ ತೆರೆಯಲಿಲ್ಲ. ಡ್ರೈವ್ ಗರಗರ ಅಂತ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಮೂರು ವಾರ ಒದ್ದಾಡಿದ ಮೇಲೆ ಬಹುಪಾಲು ವಾಪಸ್ ಬಂತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆಯುವುದು, ಪ್ರೋಗ್ರಾಂ ಹಾಕಿಕೊಳ್ಳುವುದು ನಿಮಗೆ ಬರುತ್ತದೆ ಅಂದುಕೊಂಡಿದ್ದೇನೆ.

ಮೊದಲು ಡಿಸ್ಕನ್ನು ಕಣ್ಣಿಂದ ನೋಡಿ

ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಪಾರದರ್ಶಕ ಪ್ಲಾಸ್ಟಿಕ್. ನಮ್ಮ ಫೋಟೋ ಇರುವ ಬಣ್ಣದ ಪದರ, ಅದರ ಮೇಲಿನ ಹೊಳಪಿನ ಪದರ ಎರಡೂ ಹೆಸರು ಬರೆಯುವ ಬದಿಯಲ್ಲೇ ಇವೆ. ಅವುಗಳ ಮೇಲೆ ತೆಳು ವಾರ್ನಿಷ್ ಅಷ್ಟೇ. ಅಂದರೆ ಕೆಳಬದಿಯ ಗೀರಿಗಿಂತ ಮೇಲ್ಬದಿಯ ಗೀರು ಅಪಾಯ. ನಾನು ಇಷ್ಟು ವರ್ಷ ತಿರುಗುಮುರುಗಾಗಿ ತಿಳಿದಿದ್ದೆ. ಡಿವಿಡಿಯಲ್ಲಿ ಹಾಗಿಲ್ಲ. 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿ, ಮಾಹಿತಿಯನ್ನು ನಡುವೆ ಇಟ್ಟಿರುತ್ತಾರೆ.

ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಚುಕ್ಕಿಚುಕ್ಕಿಯಾಗಿ ಕಂಡರೆ ಅಲ್ಲಿ ಹೊಳಪಿನ ಪದರ ಹೋಗಿದೆ ಎಂದರ್ಥ. ನಮ್ಮ ಮೂರನೇ ಸಿಡಿಯಲ್ಲಿ ಅಂಚಿನ ಹತ್ತಿರ ಅಂಥ ಏಳೆಂಟು ಚುಕ್ಕಿ ಇದ್ದವು. ಸ್ಟುಡಿಯೋದವರು ಅಂಟಿಸಿದ್ದ ಕಾಗದದ ಲೇಬಲ್ ಅಲ್ಲೇ ಮೇಲೆದ್ದಿತ್ತು. ಅದನ್ನು ಕೀಳಬೇಡಿ. ಕಾಗದದ ಜೊತೆ ಪದರವೂ ಎದ್ದು ಬರುತ್ತದೆ.

ಒರೆಸುವಾಗ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಗುಂಡಗೆ ಬೇಡ. ಮಾಹಿತಿ ಒಳಗಿನಿಂದ ಹೊರಗೆ ಸುರುಳಿಯಾಗಿ ಸಾಗುತ್ತದೆ. ಸುರುಳಿಗೆ ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ತಿನ್ನುತ್ತದೆ. ಅಷ್ಟನ್ನು ಸಿಡಿಯ ತಪ್ಪು ತಿದ್ದುವ ವ್ಯವಸ್ಥೆ ತಾನೇ ತುಂಬಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೇ ಗೀರಿದರೆ ಸುಮಾರು 2.5 ಮಿಲಿಮೀಟರ್ ದಾಟುತ್ತಿದ್ದಂತೆ ಅದರ ಕೈಲಾಗುವುದಿಲ್ಲ.

ಫೈಲ್ ಎಳೆಯಬೇಡಿ, ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ

ಫೋಲ್ಡರ್ ತೆರೆದು ಒಂದೊಂದೇ ಫೋಟೋ ಎಳೆದರೆ, ಕೆಟ್ಟ ಜಾಗ ಸಿಕ್ಕ ಕಡೆ ಕಂಪ್ಯೂಟರ್ ಅಲ್ಲೇ ಹಟ ಹಿಡಿದು ನಿಲ್ಲುತ್ತದೆ. ಅದರ ಬದಲು ಡಿಸ್ಕನ್ನು ಮೊದಲ ಸೆಕ್ಟರಿನಿಂದ (ಸೆಕ್ಟರ್ ಅಂದರೆ ಡಿಸ್ಕಿನ ಮಾಹಿತಿಯ ಒಂದು ಪುಟ್ಟ ತುಂಡು) ಕೊನೆಯವರೆಗೆ ಒಂದೇ ಇಮೇಜ್ ಫೈಲ್ ಆಗಿ ಇಳಿಸಿಕೊಂಡು, ಮುಂದಿನ ಕೆಲಸವೆಲ್ಲ ಅದರ ಮೇಲೆ ಮಾಡಬೇಕು. ನಾನು ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಇಳಿಸಿಕೊಳ್ಳುವ ಪ್ರೋಗ್ರಾಂ. ಸೆಕ್ಟರ್ ಅಳತೆ 2048 ಬೈಟ್ ಎಂದು ಹೇಳಬೇಕು. ಡಿಸ್ಕ್ ಮೌಂಟ್ ಆಗಿರಬಾರದು, ಅಂದರೆ ಅದರ ಫೈಲುಗಳು ಕಾಣುವ ಹಾಗೆ ತೆರೆದಿರಬಾರದು.

ಮೊದಲ ಸುತ್ತು 'ಮೈನಸ್ ಎನ್' ಎಂಬ ಆಯ್ಕೆ ಕೊಟ್ಟು. ಅಂದರೆ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೋ, ಕಷ್ಟದ ಜಾಗವನ್ನು ಸದ್ಯಕ್ಕೆ ಕೆರೆಯಬೇಡ. ಎರಡನೇ ಸುತ್ತು 'ಮೈನಸ್ ಡಿ' ಮತ್ತು 'ಮೈನಸ್ ಆರ್ 3'. ಅಂದರೆ ಡಿಸ್ಕಿನಿಂದ ನೇರವಾಗಿ ಓದು, ಬಿಟ್ಟದ್ದನ್ನು ಮೂರು ಸಲ ಪ್ರಯತ್ನಿಸು. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ.

ನಾನು ಎಡವಿದ್ದು ಮ್ಯಾಪ್ ಫೈಲಿನಲ್ಲಿ, ಅಂದರೆ ಡಿಸ್ಕಿನ ಯಾವ ಜಾಗ ಓದಿ ಆಯಿತು, ಯಾವುದು ಬಾಕಿ ಎಂದು ಪ್ರೋಗ್ರಾಂ ಬರೆದಿಡುವ ಫೈಲಿನಲ್ಲಿ. ಅದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ.

ಕಮಾಂಡಿನಲ್ಲಿ ಮೂರು ಹೆಸರು ಬರುತ್ತವೆ, ಇದೇ ಕ್ರಮದಲ್ಲಿ: ಡ್ರೈವ್, ಇಮೇಜ್ ಫೈಲ್, ಮ್ಯಾಪ್ ಫೈಲ್. ಮೂರನೆಯದನ್ನು ಬಿಟ್ಟರೂ ಪ್ರೋಗ್ರಾಂ ಓಡುತ್ತದೆ. ಅದಕ್ಕೇ ಅದು ಸುಮ್ನೆ ಒಂದು ದಾಖಲೆ ಅಂದುಕೊಂಡಿದ್ದೆ. ಅದು ಮೇಷ್ಟರ ಹಾಜರಿ ಪುಸ್ತಕ ಇದ್ದ ಹಾಗೆ. ಒಂದು ಸಲ ಎಲ್ಲರ ಹೆಸರು ಕೂಗಿ ಬಂದವರಿಗೆ ಗುರುತು ಹಾಕಿದರೆ, ಎರಡನೇ ಸಲ ಬರದವರ ಹೆಸರನ್ನಷ್ಟೇ ಕೂಗಿದರೆ ಸಾಕು, ಅಲ್ವಾ? ಪುಸ್ತಕ ಕಳೆದರೆ ಮತ್ತೆ ಮೊದಲಿನಿಂದ ಎಲ್ಲರನ್ನೂ ಕೂಗಬೇಕು.

ಎರಡನೇ ದಿನ ಜಾಗ ಸಾಲದೆ ಇಮೇಜ್ ಫೈಲನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿದೆ. ಮ್ಯಾಪ್ ಫೈಲ್ ಹಳೇ ಫೋಲ್ಡರಿನಲ್ಲೇ ಉಳಿಯಿತು. ಹೊಸ ಫೋಲ್ಡರಿನಲ್ಲಿ ಅದೇ ಕಮಾಂಡ್ ಕೊಟ್ಟೆ. ಆ ಹೆಸರಿನ ಮ್ಯಾಪ್ ಅಲ್ಲಿ ಇರಲಿಲ್ಲವಲ್ಲ, ಪ್ರೋಗ್ರಾಂ ಹೊಸದಾಗಿ ಒಂದನ್ನು ಮಾಡಿಕೊಂಡು ಸೊನ್ನೆಯಿಂದ ಶುರು ಮಾಡಿತು. ಆರು ಗಂಟೆ ಡಿಸ್ಕ್ ಸುಮ್ನೆ ತಿರುಗಿತು. ಈಗ ನಾನು ಓಟ ಶುರುವಾದ ಕೂಡಲೇ 'ರೆಸ್ಕ್ಯೂಡ್' ಎಂಬ ಅಂಕಿ ನೋಡುತ್ತೇನೆ. ಅದು ನಿನ್ನೆ ನಿಂತಲ್ಲಿಂದಲೇ ತೋರಿಸಬೇಕು. ಸೊನ್ನೆ ತೋರಿಸಿದರೆ ತಕ್ಷಣ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಫೋಲ್ಡರ್ ನೋಡಿ.

ಮ್ಯಾಪ್ ಸಾದಾ ಟೆಕ್ಸ್ಟ್ ಫೈಲ್. ಎಡಿಟರಿನಲ್ಲಿ ತೆರೆದು ನೋಡಬಹುದು. ಪ್ರತಿ ಸಾಲಿನಲ್ಲಿ ಎಲ್ಲಿಂದ, ಎಷ್ಟು ಉದ್ದ, ಕೊನೆಗೆ ಒಂದು ಗುರುತು. + ಅಂದರೆ ಸಿಕ್ಕಿದೆ. ? ಅಂದರೆ ಇನ್ನೂ ಮುಟ್ಟಿಲ್ಲ. * ಮತ್ತು / ಅಂದರೆ ಕೆಲಸ ಅರ್ಧದಲ್ಲಿದೆ. - ಅಂದರೆ ಓದಿ ಸೋತಿದ್ದೇನೆ. ಈ ಐದು ಗುರುತು ಗೊತ್ತಾದ ಮೇಲೆ ನನಗೆ ಧೈರ್ಯ ಬಂತು.

ಇದರಿಂದ ಸಿಗುವ ದೊಡ್ಡ ಲಾಭ, ನನಗೆ ತುಂಬಾ ಇಷ್ಟವಾದದ್ದು: ಒಂದೇ ಇಮೇಜ್, ಒಂದೇ ಮ್ಯಾಪ್ ಇಟ್ಟುಕೊಂಡು ಡ್ರೈವ್ ಬದಲಿಸಬಹುದು. ಒಂದು ಡ್ರೈವಿನ ಲೇಸರ್ ಓದಲಾರದ್ದನ್ನು ಇನ್ನೊಂದು ಓದುತ್ತದೆ. ಮೊದಲ ಸಿಡಿಯಲ್ಲಿ ನನ್ನ ಲ್ಯಾಪ್‌ಟಾಪ್ ಡ್ರೈವ್ 38 ಎಂಬಿ ಬಿಟ್ಟಿತ್ತು. ಹಾರ್ಡ್‌ಡಿಸ್ಕನ್ನು ಗೆಳೆಯನ ಮನೆಗೆ ಒಯ್ದು, ಅವನ ಹಳೇ ಡೆಸ್ಕ್‌ಟಾಪಿನಲ್ಲಿ ಡ್ರೈವಿನ ಹೆಸರನ್ನು ಮಾತ್ರ ಬದಲಿಸಿ ಅದೇ ಕಮಾಂಡ್ ಕೊಟ್ಟೆ. ಅದು ಬಿಟ್ಟುಹೋದ ಜಾಗಗಳಿಗೆ ಮಾತ್ರ ಹೋಯಿತು. ಒಂದು ಗಂಟೆಯಲ್ಲಿ 3 ಎಂಬಿ ಮಾತ್ರ ಬಾಕಿ ಉಳಿಯಿತು. ಆಮೇಲೆ 'ಇಜೆಕ್ಟ್' ಕಮಾಂಡಿನ 'ಮೈನಸ್ ಎಕ್ಸ್' ಆಯ್ಕೆಯಿಂದ ವೇಗ ಇಳಿಸಿದೆ. ಡಿಡಿರೆಸ್ಕ್ಯೂಗೆ ದೊಡ್ಡ ಆರ್ ಕೊಟ್ಟು ಹಿಂದಿನಿಂದ ಮುಂದಕ್ಕೂ ಓದಿಸಿದೆ.

ಕೊನೆಗೆ ಉಳಿದದ್ದು 4096 ಬೈಟ್. ಎಷ್ಟು ಸಲ ಓಡಿಸಿದರೂ ಕರಗಲಿಲ್ಲ. ಒಂದು ರಾತ್ರಿ ಅದರ ಹಿಂದೆಯೇ ಕೂತೆ. ಮ್ಯಾಪ್ ತೆರೆದು ನೋಡಿದಾಗ ಹೊಳೆಯಿತು: ಅದು ಡಿಸ್ಕಿನ ತೀರಾ ಕೊನೆಯ ಎರಡು ಸೆಕ್ಟರ್. ಒಂದೊಂದೇ ಟ್ರ್ಯಾಕ್ ಆಗಿ ಬರೆದ ಸಿಡಿಗಳಲ್ಲಿ ಬರೆಯುವ ಡ್ರೈವ್ ನಿಲ್ಲುವಾಗ ಕೊನೆಗೆ ಎರಡು ಖಾಲಿ ಸೆಕ್ಟರ್ ಬಿಡುತ್ತದೆ. ಅವು ಹೊಸ ಸಿಡಿಯಲ್ಲೂ ಓದಲು ಬರುವುದಿಲ್ಲ. ಅಲ್ಲಿ ಫೋಟೋ ಇರುವುದೇ ಇಲ್ಲ. ನಿಮಗೂ ಕೊನೆಯಲ್ಲಿ ಸರಿಯಾಗಿ 4096 ಉಳಿದರೆ ನೆಮ್ಮದಿಯಾಗಿ ಮಲಗಿ.

ಇಮೇಜಿನಿಂದ ಫೋಟೋ

ಇಮೇಜ್ ಮೌಂಟ್ ಆದರೆ ಕೆಲಸ ಮುಗಿದ ಹಾಗೆ, ನಕಲು ಮಾಡಿಕೊಳ್ಳಿ. ಫೋಲ್ಡರಿನ ಪಟ್ಟಿಯೇ ಹಾಳಾಗಿದ್ದರೆ ಫೋಟೋರೆಕ್ ಎಂಬ ಪ್ರೋಗ್ರಾಂ ಬಳಸಿ. ಜೆಪೆಗ್ ಫೋಟೋ ಯಾವಾಗಲೂ ಒಂದೇ ಬಗೆಯ ಬೈಟ್‌ಗಳಿಂದ ಶುರುವಾಗುತ್ತದೆ. ಫೋಟೋರೆಕ್ ಆ ಗುರುತು ಹುಡುಕಿ ಫೋಟೋ ಎತ್ತುತ್ತದೆ. ಹೆಸರು ಹೋಗುತ್ತದೆ, ಆದರೆ ತೆಗೆದ ದಿನಾಂಕ ಫೋಟೋದ ಒಳಗೇ ಇರುತ್ತದೆ.

ಎರಡನೇ ಸಿಡಿಯಲ್ಲಿ ಬೇರೆ ತೊಂದರೆ. ಡಿಸ್ಕ್ ಚೆನ್ನಾಗಿ ಓದಿತು, ಆದರೆ ಪಟ್ಟದಕಲ್ಲಿನ ಫೋಟೋ ಮಾತ್ರ ಕಂಡವು, ಬಾದಾಮಿಯವು ಇಲ್ಲ. ಬಾದಾಮಿಯಲ್ಲಿ ಒಂದು ಸಲ, ಮಾರನೇ ದಿನ ಬೇರೆ ಅಂಗಡಿಯಲ್ಲಿ ಅದೇ ಸಿಡಿಗೆ ಇನ್ನೊಂದು ಸಲ ಬರೆಸಿದ್ದೆವು. ಹೀಗೆ ಒಂದೊಂದು ಸಲ ಬರೆದದ್ದಕ್ಕೆ ಸೆಷನ್ ಅನ್ನುತ್ತಾರೆ. ಎರಡನೆಯವರು ಹಳೇ ಸೆಷನ್ನನ್ನು ಹೊಸದಕ್ಕೆ ಜೋಡಿಸಿರಲಿಲ್ಲ. ಕಂಪ್ಯೂಟರ್ ಕೊನೆಯ ಸೆಷನ್ ಮಾತ್ರ ತೋರಿಸುತ್ತದೆ. ಹಳೆಯದು ಅಳಿದಿರುವುದಿಲ್ಲ. ವಿಂಡೋಸ್‌ನಲ್ಲಿ ಐಸೋಬಸ್ಟರ್ ಎಂಬ ಪ್ರೋಗ್ರಾಂ ಎಲ್ಲ ಸೆಷನ್‌ಗಳನ್ನೂ ಬೇರೆಬೇರೆಯಾಗಿ ತೋರಿಸಿತು. ಮೂರನೇ ಗುಹೆಯ ವಿಷ್ಣುವಿನ ಮುಂದೆ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಫೋಟೋ ಸಿಕ್ಕಿದ್ದು ಅಲ್ಲಿ.

ಕೆಲವು ಫೋಟೋ ಅರ್ಧ ಚೆನ್ನಾಗಿ, ಕೆಳಗೆ ಬೂದು ಬಣ್ಣವಾಗಿ ಬರುತ್ತವೆ. ಜೆಪೆಗ್‌ನಲ್ಲಿ ಪ್ರತಿ ಚೌಕದ ಹೊಳಪನ್ನು ಹಿಂದಿನ ಚೌಕಕ್ಕಿಂತ ಎಷ್ಟು ಬೇರೆ ಎಂದು ಬರೆದಿರುತ್ತಾರೆ. ನಡುವೆ ಒಂದು ಸೆಕ್ಟರ್ ಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಅಂಥ ಫೋಟೋದ ತಲೆಯಲ್ಲಿ ಕ್ಯಾಮೆರಾ ಇಟ್ಟ ಪುಟ್ಟ ಪ್ರತಿ ಇರುತ್ತದೆ, ಸಾಮಾನ್ಯವಾಗಿ 160 ಪಿಕ್ಸೆಲ್ ಅಡ್ಡ, 120 ಪಿಕ್ಸೆಲ್ ಎತ್ತರ. ಬೆರಳುಗುರಿನಷ್ಟು ಚಿತ್ರ. ಆದರೂ ಯಾರು ಎಲ್ಲಿ ನಿಂತಿದ್ದರು ಅಂತ ಗೊತ್ತಾಗುತ್ತದೆ.

ಪುಟ್ಟ ಡಿವಿಡಿ

8 ಸೆಂಟಿಮೀಟರಿನ ಡಿಸ್ಕ್, 1.4 ಜಿಬಿ, ಸಾಧಾರಣ ಗುಣಮಟ್ಟದಲ್ಲಿ ಸುಮಾರು ಅರ್ಧ ಗಂಟೆಯ ವಿಡಿಯೋ. ಬಾಯಿಯೊಳಗೆ ಎಳೆದುಕೊಳ್ಳುವ ಬಗೆಯ ಡ್ರೈವಿಗೆ ಇದನ್ನು ಹಾಕಬೇಡಿ, ಒಳಗೇ ಸಿಕ್ಕಿಕೊಳ್ಳುತ್ತದೆ. ತಟ್ಟೆ ಹೊರಬರುವ ಡ್ರೈವೇ ಬೇಕು.

ಕಂಪ್ಯೂಟರ್ ಇದನ್ನು ಖಾಲಿ ಡಿಸ್ಕ್ ಅಂದಿತು. ಕೆಳಬದಿ ನೋಡಿದರೆ ಬರೆದ ಭಾಗದ ಬಣ್ಣ ಬೇರೆಯಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದರೆ ವಿಡಿಯೋ ಇದೆ, ಫೈನಲೈಜ್ (ಕೊನೆಗೆ ಸೂಚಿ ಬರೆದು ಡಿಸ್ಕ್ ಮುಗಿಸುವುದು) ಮಾಡಿಲ್ಲ. ಆ ಕಾಲದ ಡಿವಿಡಿ ಕ್ಯಾಮೆರಾಗಳಲ್ಲಿ ಕೊನೆಗೆ ಮೆನುವಿನಿಂದ ಫೈನಲೈಜ್ ಮಾಡದಿದ್ದರೆ ಬೇರೆ ಯಂತ್ರಕ್ಕೆ ಸೂಚಿ ಸಿಗುವುದಿಲ್ಲ. ಧಾರವಾಡದ ಮಾವನಿಗೆ ಫೋನ್ ಮಾಡಿದೆ. ಆ ವಿಡಿಯೋ ತೆಗೆದ ಕ್ಯಾಮೆರಾ ಅವರ ಅಟ್ಟದ ಮೇಲೆ ಇತ್ತು. ಬ್ಯಾಟರಿ ಸತ್ತಿತ್ತು, ಅಡಾಪ್ಟರ್ ಕೆಲಸ ಮಾಡಿತು. ನಡುವೆ ಕರೆಂಟ್ ಹೋದರೆ ಡಿಸ್ಕ್ ಕೈಬಿಟ್ಟಂತೆಯೇ. ಹಾಗಾಗಿ ಯುಪಿಎಸ್‌ಗೆ ಸಿಕ್ಕಿಸಿ ಫೈನಲೈಜ್ ಮಾಡಿದೆವು. ಕ್ಯಾಮೆರಾ ಇಲ್ಲದವರಿಗೆ ಇಲ್ಲೂ ಐಸೋಬಸ್ಟರ್ ಒಂದು ದಾರಿ.

ಆಮೇಲೆ ಮತ್ತೆ ಡಿಡಿರೆಸ್ಕ್ಯೂ, ಮತ್ತೆ ಮ್ಯಾಪ್. ಅಲ್ಲಲ್ಲಿ ತೂತು ಉಳಿದವು. ಆದರೆ ಡಿವಿಡಿ ವಿಡಿಯೋ ಜೆಪೆಗ್‌ನಷ್ಟು ನಾಜೂಕಲ್ಲ. ಅದು 2048 ಬೈಟಿನ ಪೊಟ್ಟಣಗಳಾಗಿ ಕೂತಿರುತ್ತದೆ, ಒಂದು ಸೆಕ್ಟರಿಗೆ ಒಂದು. ಕೆಲವು ಹೋದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಸುಮಾರು ಅರ್ಧ ಸೆಕೆಂಡಿಗೊಮ್ಮೆ ಬರುವ ಪೂರ್ಣ ಚಿತ್ರದಿಂದ ಮತ್ತೆ ಸರಿಯಾಗುತ್ತದೆ. ಧ್ವನಿ ಹಿಂದಿನ ತುಣುಕನ್ನು ಕಾಯುವುದಿಲ್ಲ, ಅದು ಚಿತ್ರಕ್ಕಿಂತ ಮೊದಲೇ ವಾಪಸ್ ಬರುತ್ತದೆ.

ಇದು ನನಗೆ ಅರ್ಥವಾದದ್ದು ಗೋಳಗುಮ್ಮಟದ ಮೇಲಿನ ಮೊಗಸಾಲೆಯ ದೃಶ್ಯದಲ್ಲಿ. ಅಜ್ಜಿ ಗೋಡೆಗೆ ಬಾಯಿಟ್ಟು ನನ್ನನ್ನು "ಪುಟ್ಟಾ" ಅಂತ ಕರೆಯುತ್ತಾರೆ. ಸರಿಯಾಗಿ ಅಲ್ಲೇ ಒಂದು ತೂತು. ಪರದೆಯ ತುಂಬ ಹಸಿರು ಚೌಕಗಳು, ಅಜ್ಜಿಯ ಮುಖ ಇಲ್ಲ. ಅವರು ಕರೆದದ್ದೂ ಅರ್ಧ ತುಂಡಾಗಿದೆ. ಆದರೆ ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳುತ್ತದಲ್ಲ, ಆ ಪ್ರತಿಧ್ವನಿ ಬರುವಷ್ಟರಲ್ಲಿ ಧ್ವನಿ ಮರಳಿತ್ತು. ಚೌಕಗಳ ಹಿಂದಿನಿಂದ "ಪುಟ್ಟಾ, ಪುಟ್ಟಾ" ಅಂತ ಪೂರ್ತಿ ಕೇಳಿಸಿತು. ಅಮ್ಮ ಅಡುಗೆಮನೆಯಿಂದ ಎದ್ದು ಬಂದರು.

ಮೂರನೇ ಸಿಡಿಯಲ್ಲಿ ಇನ್ನೂ 11 ಎಂಬಿ ಬಾಕಿ ಇದೆ, ಐಹೊಳೆಯ ಫೋಟೋಗಳು. ಭಾನುವಾರ ಇನ್ನೊಂದು ಡ್ರೈವ್ ಸಿಗುತ್ತದೆ. ಇಮೇಜ್ ಮತ್ತು ಮ್ಯಾಪ್ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ.