ಹೃದಯದ ಎಳೆಗಳು ಎಂಆರ್‌ಐನಲ್ಲಿ ನಿಜವಾಗಿಯೂ ಕಾಣುತ್ತವಾ?

ಓದುಗರ ಪ್ರಶ್ನೆ: ಹೃದಯದ ಸ್ನಾಯು ಎಳೆಗಳು ಸುರುಳಿ ಸುತ್ತಿಕೊಂಡಿರುವ ಬಣ್ಣಬಣ್ಣದ ಎಂಆರ್‌ಐ ಚಿತ್ರವೊಂದನ್ನು ನೋಡಿದೆ. ಅಷ್ಟು ಸಣ್ಣ ಎಳೆಗಳು ಸ್ಕ್ಯಾನ್‌ನಲ್ಲಿ ಕಾಣುತ್ತವಾ?

ಉತ್ತರ: ಇಲ್ಲ, ಕಾಣುವುದಿಲ್ಲ. ಸ್ಕ್ಯಾನರ್ ಅಳೆಯುವುದು ನೀರಿನ ಓಡಾಟವನ್ನು. ನೀರು ಯಾವ ಕಡೆ ಸಲೀಸಾಗಿ ಸರಿಯುತ್ತದೋ ಎಳೆಯೂ ಆ ಕಡೆಗೇ ಇದೆ ಎಂದು ಲೆಕ್ಕ ಹಾಕುತ್ತಾರೆ.

ಮೊದಲು ಕಣ್ಣಿಗೆ ಕಾಣುವುದನ್ನೇ ನೋಡೋಣ. ಮಟನ್ ಅಂಗಡಿಯಿಂದ ಒಂದು ಕುರಿ ಗುಂಡಿಗೆ ತಂದು ಇಡಿಯಾಗಿ ಬೇಯಿಸಿ. ಮೇಲಿನ ಕೊಬ್ಬು, ತೆಳು ಪೊರೆ ಸುಲಿದರೆ ಓರೆಯಾಗಿ ಇಳಿದ ಗೆರೆಗಳು ಕಾಣುತ್ತವೆ. ಗೆರೆಯ ಜಾಡು ಹಿಡಿದು ಉಗುರಿನಿಂದ ಎಬ್ಬಿಸಿದರೆ ಮಾಂಸ ಪಟ್ಟಿಪಟ್ಟಿಯಾಗಿ ಏಳುತ್ತದೆ. ಅಡ್ಡಕ್ಕೆ ಎಳೆದರೆ ಹಾಗೆ ಬರುವುದಿಲ್ಲ, ಹರಿದುಹೋಗುತ್ತದೆ. ಒಂದು ಪದರ ತೆಗೆದ ಮೇಲೆ ಗೆರೆಯ ಓರೆ ಸ್ವಲ್ಪ ಬದಲಾಗಿರುತ್ತದೆ. ಗೋಡೆಯ ನಡುವಿಗೆ ಬಂದರೆ ಗೆರೆಗಳು ಬಳೆಯ ಹಾಗೆ ಅಡ್ಡ ಸುತ್ತಿರುತ್ತವೆ. ಇನ್ನೂ ಒಳಗೆ ಹೋದರೆ ಓರೆ ಎದುರು ಕಡೆಗೆ ತಿರುಗಿರುತ್ತದೆ.

ಇದನ್ನು 1969ರಲ್ಲಿ ಅಮೆರಿಕದ ಡೇನಿಯಲ್ ಸ್ಟ್ರೀಟರ್ ಮತ್ತು ಸಂಗಡಿಗರು ನಾಯಿಯ ಹೃದಯದಲ್ಲಿ ಅಳೆದು ತೋರಿಸಿದರು. ಎಡಗಡೆಯ ಕೆಳಗಿನ ಕೋಣೆಯ ಗೋಡೆಯನ್ನು ತೆಳ್ಳಗೆ ಕತ್ತರಿಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟು, ಪದರ ಪದರದ ಕೋನ ಬರೆದುಕೊಂಡರು. ಒಳಮೈಯಲ್ಲಿ ಸುಮಾರು 60 ಡಿಗ್ರಿ ಒಂದು ಕಡೆಗೆ, ಹೊರಮೈಯಲ್ಲಿ ಸುಮಾರು 60 ಡಿಗ್ರಿ ಇನ್ನೊಂದು ಕಡೆಗೆ. ಈ ತಿರುವು ಸುಮ್ನೆ ಇರುವುದಲ್ಲ. ಹೃದಯದ ಒಂದೊಂದು ಸ್ನಾಯುಕೋಶ ಕುಗ್ಗುವುದು ಶೇ 15ರಷ್ಟು ಮಾತ್ರ. ಆದರೂ ಎಡ ಕೋಣೆ ಒಂದೊಂದು ಬಡಿತಕ್ಕೂ ತನ್ನಲ್ಲಿರುವ ರಕ್ತದಲ್ಲಿ ಸುಮಾರು ಶೇ 60ನ್ನು ಹೊರಗೆ ತಳ್ಳುತ್ತದೆ. ಒದ್ದೆ ಪಂಚೆಯನ್ನು ಹಿಂಡುವಾಗ ಎರಡು ಕೈ ಎರಡು ಕಡೆಗೆ ತಿರುಗುತ್ತವೆ ಅಲ್ವಾ, ಹಾಗೆ.

ಆದರೆ ಕತ್ತರಿಸಿದ ಹೃದಯ ಮತ್ತೆ ಇಡಿಯಾಗುವುದಿಲ್ಲ. ಇಲ್ಲಿ ನೀರು ನೆರವಿಗೆ ಬರುತ್ತದೆ.

ನಿಂತ ನೀರಿನಲ್ಲೂ ಕಣಗಳು ನಿಲ್ಲುವುದಿಲ್ಲ, ಅತ್ತಿತ್ತ ಅಲೆಯುತ್ತಲೇ ಇರುತ್ತವೆ. ಮೈಯ ಬಿಸಿಯಲ್ಲಿ, ಯಾವ ಅಡ್ಡಿಯೂ ಇಲ್ಲದಿದ್ದರೆ, ಒಂದು ಸೆಕೆಂಡಿನ 20ನೇ ಒಂದು ಪಾಲಿನಲ್ಲಿ ನೀರಿನ ಕಣ ಸುಮಾರು 17 ಮೈಕ್ರಾನ್ ದೂರ ಸರಿಯುತ್ತದೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಹೃದಯದ ಸ್ನಾಯುಕೋಶದ ಉದ್ದ ಸುಮಾರು 100 ಮೈಕ್ರಾನ್, ದಪ್ಪ 10ರಿಂದ 20. ಅಂದರೆ ಉದ್ದಕ್ಕೆ ಹೊರಟ ಕಣಕ್ಕೆ ಗೋಡೆ ಸಿಗುವುದು ಅಪರೂಪ, ಅಡ್ಡಕ್ಕೆ ಹೊರಟಿದ್ದು ಬೇಗ ಡಿಕ್ಕಿ ಹೊಡೆಯುತ್ತದೆ. ಈ ಅಳತೆಗಳು ಇಷ್ಟು ಚೆನ್ನಾಗಿ ಕೂಡಿಬಂದಿರುವುದು ನನಗೆ ಇವತ್ತಿಗೂ ಬೆರಗು. ಕಡಿಮೆ ಎಂದರೆ ಆರು ದಿಕ್ಕುಗಳಲ್ಲಿ ಈ ಅಲೆದಾಟವನ್ನು ಅಳೆದರೆ, ಯಾವ ಕಡೆ ಜಾಸ್ತಿ ಎಂದು ಗಣಿತ ಹೇಳಿಬಿಡುತ್ತದೆ. ಈ ವಿಧಾನದ ಹೆಸರು ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್. 1994ರಲ್ಲಿ ಪೀಟರ್ ಬಾಸರ್ ಮತ್ತು ಸಂಗಡಿಗರು ಇದನ್ನು ಮುಂದಿಟ್ಟಾಗ ಪರೀಕ್ಷೆಗೆ ಬಳಸಿದ್ದು ನೀರು ಮತ್ತು ಹಂದಿ ಮಾಂಸ.

ಈಗ ನೀವು ನೋಡಿದ ಚಿತ್ರಕ್ಕೆ ಬರೋಣ. ಬದುಕಿರುವವರ ಹೃದಯದ ಸ್ಕ್ಯಾನ್‌ನಲ್ಲಿ ಒಂದು ಚುಕ್ಕೆ ಎಂದರೆ ಎರಡು ಮೂರು ಮಿಲಿಮೀಟರ್ ಜಾಗ. ಅಷ್ಟರಲ್ಲೇ ಲಕ್ಷಗಟ್ಟಲೆ ಕೋಶಗಳಿರುತ್ತವೆ. ಸಿಗುವುದು ಅವೆಲ್ಲದರ ಸರಾಸರಿ ದಿಕ್ಕು. ಚುಕ್ಕೆಯಿಂದ ಚುಕ್ಕೆಗೆ ದಿಕ್ಕು ಜೋಡಿಸಿ ಗೆರೆ ಎಳೆಯುವುದು, ಬಣ್ಣ ತುಂಬುವುದು ಕಂಪ್ಯೂಟರ್. ಹಾಗಾಗಿ ಒಂದು ಗೆರೆಯನ್ನು ಒಂದು ಎಳೆ ಎಂದು ಎಣಿಸಬೇಡಿ. ಜೊತೆಗೆ ಹೃದಯ ಬಡಿಯುತ್ತಿರುತ್ತದೆ. ಮೈಕ್ರಾನ್ ಅಳೆಯಬೇಕಾದ ಕಡೆ ಇಡೀ ಗೋಡೆಯೇ ಮಿಲಿಮೀಟರ್‌ಗಟ್ಟಲೆ ಅಲುಗುತ್ತದೆ. ಅದಕ್ಕೇ ಇಸಿಜಿ ನೋಡಿಕೊಂಡು ಪ್ರತಿ ಬಡಿತದಲ್ಲೂ ಅದೇ ಕ್ಷಣಕ್ಕೆ ಕಾದು ಅಳೆಯುತ್ತಾರೆ. ಪ್ರಾಣಿಗಳ ಹೃದಯವಾದರೆ ತೆಗೆದು, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟು, ಗಂಟೆಗಟ್ಟಲೆ ಸ್ಕ್ಯಾನ್ ಮಾಡಬಹುದು. ತುಂಬಾ ನುಣುಪಾದ ಚಿತ್ರಗಳು ಬಂದಿರುವುದು ಹೆಚ್ಚಾಗಿ ಹೀಗೆ.

ಒಂದೊಂದೇ ಎಳೆಯನ್ನು ನೋಡಲೇಬೇಕು ಎಂದರೆ ಲೇಸರ್ ಮೈಕ್ರೋಸ್ಕೋಪ್ ಬೇಕು. ಸ್ನಾಯುವಿನ ಮಯೋಸಿನ್ ಪ್ರೋಟೀನಿಗೆ ಲೇಸರ್ ತಾಗಿದರೆ ಅರ್ಧ ತರಂಗದುದ್ದದ ಬೆಳಕು ಹೊರಡುತ್ತದೆ. ಬಣ್ಣ ಹಾಕುವ ಅಗತ್ಯವೇ ಇಲ್ಲ. ಸುಮಾರು ಎರಡು ಮೈಕ್ರಾನಿಗೊಂದರಂತೆ ಸ್ನಾಯುವಿನ ಪಟ್ಟೆಗಳು ಹೊಳೆಯುತ್ತವೆ. ಆದರೆ ಅದು ಒಂದು ಮಿಲಿಮೀಟರಿನಷ್ಟು ಆಳಕ್ಕೂ ಇಳಿಯುವುದಿಲ್ಲ.

ಆಳಕ್ಕೆ ಹೋಗಲು ನೀರೇ ಗತಿ. ಹೃದಯದ ಗೋಡೆ ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ಎಳೆಗಳು ಸಾಲು ತಪ್ಪಿ ಅಡ್ಡಾದಿಡ್ಡಿಯಾಗುತ್ತವೆ. ಅಂಥ ಜಾಗದಲ್ಲಿ ನೀರಿಗೆ ಸಲೀಸಾದ ದಾರಿ ಎಂಬುದು ಇರುವುದಿಲ್ಲ, ಎಲ್ಲಾ ಕಡೆಗೂ ಹೆಚ್ಚುಕಡಿಮೆ ಒಂದೇ ಸಮ ಹರಡುತ್ತದೆ. ಸ್ಕ್ಯಾನರ್ ಹಿಡಿಯುವುದು ಆ ವ್ಯತ್ಯಾಸವನ್ನೇ.