ಕೀಬೋರ್ಡ್ ಕೆಟ್ಟಿದೆಯೋ, ವಿಂಡೋಸ್ ಮುನಿಸಿಕೊಂಡಿದೆಯೋ?

ಪ್ರಶ್ನೆ: ನಿನ್ನೆ ರಾತ್ರಿ ಸರಿಯಾಗಿಯೇ ಇದ್ದ ಲ್ಯಾಪ್‌ಟಾಪ್ ಇವತ್ತು ಬೆಳಿಗ್ಗೆ ಹಟ ಹಿಡಿದು ಕೂತಿದೆ. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಬಾಣ ಅಲುಗಾಡುವುದಿಲ್ಲ. ಕೀಬೋರ್ಡಿನಲ್ಲಿ ಅರ್ಧ ಕೀಗಳು ಸತ್ತೇ ಹೋಗಿವೆ. ಅಂಗಡಿಯವರು ಫೋನಿನಲ್ಲೇ "ಕೀಬೋರ್ಡ್ ಚೇಂಜ್ ಮಾಡ್ಬೇಕು" ಅಂದರು. ಅದಕ್ಕೆ ಮೊದಲು ಮನೆಯಲ್ಲೇ ನೋಡುವಂಥದ್ದು ಏನಾದರೂ ಇದೆಯಾ?

ಉತ್ತರ: ಇದೆ. ಫೋನಿನಲ್ಲೇ ರೋಗ ಹೇಳುವವರನ್ನು ನಾನಂತೂ ಸುಲಭಕ್ಕೆ ನಂಬುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಒಂದೇ ಮಾತು. ಕೀಬೋರ್ಡ್, ಟಚ್‌ಪ್ಯಾಡ್ ಎರಡೂ ಒಟ್ಟಿಗೆ ಕೈಕೊಟ್ಟಿವೆ. ಹಾಗಾಗಿ ಬೇರೆಲ್ಲ ಬಿಟ್ಟು ಮೊದಲು ಬ್ಯಾಟರಿ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ಮೇಜಿನ ಮೇಲಿಡಿ. ಬಗ್ಗಿ, ಪಕ್ಕದಿಂದ ನೋಡಿ. ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೇ? ಒಂದು ಮೂಲೆ ಒತ್ತಿದರೆ ಕುಂಟು ಕಾಲಿನ ಕುರ್ಚಿಯಂತೆ ಆಡುತ್ತದೆಯೇ? ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದೆಯೇ? ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ನಾವು ಅಂಗೈ ಊರುವ ಜಾಗದ ಕೆಳಗೇ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದರೆ ಕೆಲವೊಮ್ಮೆ ಒಳಗೆ ಗ್ಯಾಸ್ ತುಂಬಿ ಪೂರಿಯ ಹಾಗೆ ಉಬ್ಬುತ್ತದೆ. ಮೇಲಿರುವ ಟಚ್‌ಪ್ಯಾಡನ್ನು ತಳ್ಳುತ್ತದೆ, ಅಕ್ಕಪಕ್ಕದ ಕೇಬಲ್‌ಗಳನ್ನೂ ಒತ್ತುತ್ತದೆ. ಹೀಗೆ ಕಂಡರೆ ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆದುಬಿಡಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಲೇಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು. ಆಗ ಬದಲಾಯಿಸಬೇಕಾದ್ದು ಬ್ಯಾಟರಿ.

ಉಬ್ಬಿಲ್ಲ ಎಂದಾದರೆ ನಿಶ್ಚಿಂತೆಯಿಂದ ಮುಂದಿನದು. ಚಾರ್ಜರ್ ತೆಗೆಯಿರಿ, ಲ್ಯಾಪ್‌ಟಾಪ್ ಆಫ್ ಮಾಡಿ, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಬಿಟ್ಟು, ಮತ್ತೆ ಆನ್ ಮಾಡಿ. ಇದು ಮಂತ್ರ ಹಾಕಿದ ಹಾಗೆ ಕಾಣುತ್ತದೆ, ಅಲ್ವಾ? ಕಾರಣ ಇದೆ. ಕೀಬೋರ್ಡಿನಲ್ಲಿ ಯಾವ ಕೀ ಒತ್ತಿದಿರಿ ಎಂದು ಗಮನಿಸುವುದು ಒಂದು ಪುಟ್ಟ ಚಿಪ್. ಲ್ಯಾಪ್‌ಟಾಪ್ ಆಫ್ ಆದರೂ ಅದು ಪೂರ್ತಿ ಮಲಗುವುದಿಲ್ಲ. ಹಾಗಾಗಿ ಅದು ಹ್ಯಾಂಗ್ ಆದರೆ ಮಾಮೂಲಿಯಾಗಿ ಆಫ್ ಮಾಡಿ ಆನ್ ಮಾಡಿದರೂ ಹಾಗೇ ಇರುತ್ತದೆ. ಇನ್ನೊಂದು ಮಾತು: ವಿಂಡೋಸ್ 8ರಿಂದ ಈಚೆಗೆ 'ಶಟ್ ಡೌನ್' ಅಂದರೆ ಸಾಮಾನ್ಯವಾಗಿ ಅರ್ಧ ನಿದ್ದೆ. ಬೇಗ ಏಳಲೆಂದು ಸಿಸ್ಟಮ್ಮಿನ ಒಂದು ಭಾಗವನ್ನು ಹಾಗೇ ಉಳಿಸಿಕೊಂಡಿರುತ್ತದೆ. ಹೊಸದಾಗಿ ಶುರುವಾಗಬೇಕಿದ್ದರೆ 'ರೀಸ್ಟಾರ್ಟ್' ಕೊಡಿ.

ಆಮೇಲೆ ನಿಜವಾದ ಪರೀಕ್ಷೆ. ಆನ್ ಮಾಡಿದ ಕೂಡಲೇ ಎಫ್ 2 ಕೀಯನ್ನು ಟಕಟಕ ಒತ್ತುತ್ತಾ ಇರಿ. ಕೆಲವು ಕಂಪನಿಗಳಲ್ಲಿ ಅದು ಎಫ್ 10, ಡಿಲೀಟ್ ಅಥವಾ ಎಸ್ಕೇಪ್. ಬಯಾಸ್ ಎಂಬ ಪರದೆ ಬರುತ್ತದೆ. ಇಲ್ಲಿ ಇನ್ನೂ ವಿಂಡೋಸ್ ಕಾಲಿಟ್ಟಿಲ್ಲ. ವಿಂಡೋಸ್‌ನಲ್ಲಿ ಸತ್ತಂತಿದ್ದ ಕೀಗಳು ಇಲ್ಲಿ ಚೆನ್ನಾಗಿ ನಡೆದರೆ ಕೀಬೋರ್ಡ್ ಗಟ್ಟಿಯಾಗಿದೆ, ತಪ್ಪು ವಿಂಡೋಸ್‌ನದು. ಇಲ್ಲೂ ಸತ್ತಿದ್ದರೆ ತಪ್ಪು ಹಾರ್ಡ್‌ವೇರಿನದು, ಅಂದರೆ ಕೀಬೋರ್ಡಿನದೋ ಅದರ ಕೇಬಲ್ಲಿನದೋ. ಎಫ್ 2 ಕೀಯೇ ಸತ್ತಿದ್ದರೆ? ಪಕ್ಕದ ಮನೆಯಿಂದ ಯುಎಸ್‌ಬಿ ಕೀಬೋರ್ಡ್ ತಂದು ಅದರಿಂದ ಒಳಗೆ ಹೋಗಿ. ಏನನ್ನೂ ಸೇವ್ ಮಾಡದೆ ಹೊರಗೆ ಬನ್ನಿ.

ವಿಂಡೋಸ್ ತಪ್ಪಾದರೆ ನನ್ನ ಮೊದಲ ಅನುಮಾನ ಫಿಲ್ಟರ್ ಕೀಸ್ ಮೇಲೆ. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡು ಹಿಡಿದರೆ ಇದನ್ನು ಆನ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಯೋಚಿಸುತ್ತಾ ಬೆರಳಿಟ್ಟು ಕೂತವರು ಓದದೆಯೇ 'ಯೆಸ್' (ಹೌದು) ಒತ್ತಿಬಿಡುತ್ತಾರೆ. ಆಮೇಲೆ ಕೀಗಳನ್ನು ಪಟ್ಟನೆ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ಭಾಗ ತೆಗೆದು ಇದನ್ನು ಆಫ್ ಮಾಡಿ. ಪಾಸ್‌ವರ್ಡ್ ಮಾತ್ರ ತಪ್ಪು ಅನ್ನುತ್ತಿದ್ದರೆ ಪರದೆಯ ಮೂಲೆಯಲ್ಲಿ ಭಾಷೆ ನೋಡಿ. ಕನ್ನಡ ಟೈಪ್ ಮಾಡುವ ನಮ್ಮಂಥವರ ಲ್ಯಾಪ್‌ಟಾಪ್ ಕನ್ನಡದಲ್ಲೇ ಉಳಿದಿರುತ್ತದೆ! ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿಗೆ ಬರುತ್ತದೆ. ಇದ್ಯಾವುದೂ ಅಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಕೀಬೋರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ತಾನಾಗಿ ಮತ್ತೆ ಬರುತ್ತದೆ.

ಟಚ್‌ಪ್ಯಾಡ್ ಒಂದೇ ಸತ್ತಿದ್ದರೆ ಹೆಚ್ಚಾಗಿ ಯಾರೋ ಅದನ್ನು ಆಫ್ ಮಾಡಿರುತ್ತಾರೆ, ಬಹುಶಃ ನೀವೇ. ಮೇಲಿನ ಸಾಲಿನ ಯಾವುದೋ ಎಫ್ ಕೀ ಮೇಲೆ ಟಚ್‌ಪ್ಯಾಡಿನ ಚಿತ್ರ ಇರುತ್ತದೆ. ಎಫ್ಎನ್ ಜೊತೆ ಅದನ್ನು ಒತ್ತಿ ನೋಡಿ. ಮೌಸ್ ಸಿಕ್ಕಿಸಿದ್ದರೆ ಕಿತ್ತು ನೋಡಿ. ಮೌಸ್ ಇದ್ದಾಗ ಟಚ್‌ಪ್ಯಾಡ್ ಬಂದ್ ಮಾಡುವ ಸೆಟ್ಟಿಂಗ್ ಕೂಡ ಇದೆ.

ಬಾಣ ಸಾಯದೆ ಹುಚ್ಚು ಹಿಡಿದಂತೆ ಕುಣಿಯುತ್ತಿದ್ದರೆ ಅದರ ಕಥೆ ಬೇರೆ. ನನ್ನ ತಂಗಿಯ ಲ್ಯಾಪ್‌ಟಾಪ್ ಹೀಗೇ ಆಡುತ್ತಿತ್ತು. ಒಬ್ಬರು ರಿಪೇರಿಯವರು ಟಚ್‌ಪ್ಯಾಡನ್ನೇ ಬದಲಾಯಿಸಿ ದುಡ್ಡು ತೆಗೆದುಕೊಂಡರು. ಕುಣಿತ ನಿಲ್ಲಲಿಲ್ಲ. ಚಾರ್ಜರ್ ಕಿತ್ತಾಗ ಮಾತ್ರ ನಿಲ್ಲುತ್ತಿತ್ತು. ಹಳೇ ಮನೆ, ಪ್ಲಗ್ಗಿನಲ್ಲಿ ಅರ್ಥಿಂಗ್ ಇರಲಿಲ್ಲ. ಟಚ್‌ಪ್ಯಾಡ್ ಬೆರಳಿನಿಂದ ಆಗುವ ಚಿಕ್ಕ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರಿನ ಗಲಾಟೆಯೂ ಅದರ ಜೊತೆ ಬೆರೆಯುತ್ತದೆ. ಲೋಹದ ಬಾಡಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದೇ ಗುರುತು. ಕರೆಯಬೇಕಾದದ್ದು ವೈರಿಂಗ್‌ನವರನ್ನು.

ಇನ್ನು ನಿಮ್ಮ ಅರ್ಧ ಕೀಗಳು. ಕೀಬೋರ್ಡಿನಲ್ಲಿ ಒಂದೊಂದು ಕೀಗೂ ಬೇರೆ ಬೇರೆ ತಂತಿ ಎಳೆದಿರುವುದಿಲ್ಲ. ಮಗ್ಗದ ಹಾಸು ಹೊಕ್ಕಿನಂತೆ ಅಡ್ಡ ಗೆರೆ, ಉದ್ದ ಗೆರೆ ಹಾಯ್ದಿರುತ್ತವೆ. ಎರಡು ಗೆರೆ ಸೇರುವಲ್ಲಿ ಒಂದು ಕೀ. ಒಂದು ಗೆರೆ ತುಂಡಾದರೆ ಅದರ ಮೇಲಿನ ಕೀಗಳೆಲ್ಲ ಒಟ್ಟಿಗೆ ಸಾಯುತ್ತವೆ. ಒಂದೇ ಕೀ ಸತ್ತಿದ್ದರೆ ಅಡಿಯಲ್ಲಿ ಚಕ್ಕುಲಿ ಚೂರು ಸಿಕ್ಕಿರಬಹುದು, ಓರೆ ಹಿಡಿದು ಬ್ರಷ್ ಆಡಿಸಿದರೆ ಸರಿಹೋಗುತ್ತದೆ. ಬಯಾಸ್‌ನಲ್ಲೂ ಗುಂಪಾಗಿ ಸತ್ತಿದ್ದರೆ ಒಳಗಿನ ಪಟ್ಟಿ ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಯಾವಾಗಲೋ ಚೆಲ್ಲಿದ ಚಹಾ ಗೆರೆಯನ್ನು ತಿಂದಿರಬಹುದು.

ಅಂಗಡಿಗೆ ಹೋದಾಗ ಸತ್ತ ಕೀಗಳ ಪಟ್ಟಿ ಬರೆದುಕೊಂಡು ಹೋಗಿ. "ಮೊದಲು ಕೇಬಲ್ ತೆಗೆದು ಮತ್ತೆ ಕೂರಿಸಿ ನೋಡಿ" ಎಂದು ಕೇಳಿ. ಬದಲಾಯಿಸಲೇಬೇಕು ಅಂದರೆ ಕೀಬೋರ್ಡ್ ಮಾತ್ರ ಬರುತ್ತದೋ, ಮೇಲಿನ ಕವರ್ ಸಮೇತ ಹಾಕಬೇಕೋ ಕೇಳಿ. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಎರಡೂ ಅಂಟಿಕೊಂಡೇ ಇರುತ್ತವೆ, ಖರ್ಚು ಜಾಸ್ತಿಯಾಗುತ್ತದೆ. ಲೆಕ್ಕ ತೀರಾ ಹೆಚ್ಚಾದರೆ ಒಂದು ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಳ್ಳಿ. ನನ್ನ ಹಳೇ ಲ್ಯಾಪ್‌ಟಾಪ್ ಅದರಲ್ಲೇ ನಡೆಯುತ್ತಿದೆ.