ಕೆಂಪು ತಂತಿ ಮೈನಸ್, ತಾಮ್ರದ ತಂತಿ ಮೋಸ: ಎಕ್ಸಾಸ್ಟ್ ಟೆಂಪರೇಚರ್ ಗೇಜ್ ಟಿಪ್ಪಣಿ

ಪೀಣ್ಯದಲ್ಲಿ ನಾನು ಕೆಲಸ ಕಲಿಯುತ್ತಿರುವ ಗ್ಯಾರೇಜಿನಲ್ಲಿ ಕಳೆದ ವಾರ ಒಂದು ಟರ್ಬೊ ಡೀಸೆಲ್ ಲಾರಿಗೆ ಎಕ್ಸಾಸ್ಟ್ ಟೆಂಪರೇಚರ್ ಗೇಜ್, ಅಂದರೆ ಎಂಜಿನ್ ಹೊರಬಿಡುವ ಹೊಗೆಯ ಬಿಸಿ ತೋರಿಸುವ ಮೀಟರ್, ಕೂರಿಸಿದೆವು. ಸಿಲಿಂಡರುಗಳ ಹೊಗೆಯನ್ನು ಕೂಡಿಸುವ ಮ್ಯಾನಿಫೋಲ್ಡಿಗೆ ತೂತು ಕೊರೆಯುವುದೇ ದೊಡ್ಡ ಕೆಲಸವೆಂದು ಹೆದರಿದ್ದೆ. ಅದು ಬೇಗನೆ ಮುಗಿಯಿತು. ಎರಡು ದಿನ ತಿಂದದ್ದು ಎರಡು ಅಡಿ ತಂತಿ.

ತೂತು

ಟರ್ಬೊ ಎಂದರೆ ಹೊಗೆಯ ಬಲದಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಗಾಳಿ ನುಗ್ಗಿಸುವ ಯಂತ್ರ. ಅದಕ್ಕಿಂತ ಮುಂಚೆ, ಮ್ಯಾನಿಫೋಲ್ಡಿನಲ್ಲಿ ಸಿಲಿಂಡರುಗಳ ಹೊಗೆ ಒಂದಾಗುವ ಕಡೆ ಕೊರೆಯಬೇಕು. ಟರ್ಬೊ ದಾಟಿದ ಮೇಲೆ ಪೈಪಿನಲ್ಲಿ ಕೊರೆಯುವುದು ಸುಲಭ, ಆದರೆ ಟರ್ಬೈನನ್ನು ತಿರುಗಿಸಿದ ಹೊಗೆ ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಭಾರ ಎಳೆಯುವಾಗ ಗೇಜ್ ನೂರು ಡಿಗ್ರಿಗೂ ಮಿಕ್ಕಿ ಕಡಿಮೆ ತೋರಿಸಬಹುದು. ಆ ವ್ಯತ್ಯಾಸ ಲೋಡಿನೊಂದಿಗೆ ಬದಲಾಗುವುದರಿಂದ ಲೆಕ್ಕಕ್ಕೆ ಇಷ್ಟು ಎಂದು ಸೇರಿಸಿಕೊಳ್ಳಲೂ ಬರುವುದಿಲ್ಲ.

ಹೊಗೆಯ ಬಿಸಿ ಅಳೆಯಲು ತೂತಿನೊಳಗೆ ಕೂರುವ ಕಡ್ಡಿಯೇ ಪ್ರೋಬ್. ನಮ್ಮ ಪ್ರೋಬಿನ ಥ್ರೆಡ್ 1/8 ಎನ್‌ಪಿಟಿ ಎಂಬ ಅಮೆರಿಕದ ಪೈಪ್ ಥ್ರೆಡ್. ಅದಕ್ಕೆ 11/32 ಇಂಚಿನ ಬಿಟ್, ಅಂದರೆ ಸುಮಾರು 8.7 ಮಿಲಿಮೀಟರ್. ಈ ಥ್ರೆಡ್ ತುದಿಯ ಕಡೆಗೆ ಕಿರಿದಾಗುತ್ತ ಹೋಗುವುದರಿಂದ, ಥ್ರೆಡ್ ಕೊರೆಯುವ ಟ್ಯಾಪನ್ನು ಪೂರ್ತಿ ಇಳಿಸಬಾರದು. ಸ್ವಲ್ಪ ಇಳಿಸಿ, ಫಿಟಿಂಗ್ ಹಾಕಿ ನೋಡಿ, ಮತ್ತೆ ಸ್ವಲ್ಪ. ಕೊರೆದಾಗ ಉದುರುವ ಬೀಡುಕಬ್ಬಿಣದ ಚೂರು ಟರ್ಬೈನಿಗೆ ಹೋದರೆ ಟರ್ಬೊ ಕಥೆ ಮುಗಿದಂತೆ. ಮೇಸ್ತ್ರಿ ಟರ್ಬೊ ಬಿಚ್ಚಿಸಿಯೇ ಕೊರೆಸಿದರು, ಚೂರು ಅಂಟಿಕೊಳ್ಳಲೆಂದು ಬಿಟ್ಟಿಗೂ ಟ್ಯಾಪಿಗೂ ಗ್ರೀಸ್ ಮೆತ್ತಿಸಿದರು, ಕೊನೆಗೆ ಅಯಸ್ಕಾಂತ ಆಡಿಸಿದರು. ಪ್ರೋಬಿನ ತುದಿ ಹೊಗೆಯ ದಾರಿಯ ನಡುವೆ ಬರಬೇಕು, ಗೋಡೆಗೆ ತಾಗಬಾರದು.

ಲಾರಿಯದು 24 ವೋಲ್ಟ್. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಮೊದಲು ಕೊಟ್ಟ ಗೇಜ್ 12 ವೋಲ್ಟಿನದು. ಡಬ್ಬಿ ಓದಿ ಕೊಳ್ಳಿ.

ತಂತಿ

ಪ್ರೋಬಿನೊಳಗೆ ಇರುವುದು ಕೆ ಟೈಪ್ ಥರ್ಮೊಕಪಲ್, ಅಂದರೆ ಬಿಸಿಯ ವ್ಯತ್ಯಾಸವನ್ನು ವೋಲ್ಟೇಜಾಗಿ ಹೇಳುವ ತಂತಿಜೋಡಿ. ಕ್ರೊಮೆಲ್, ಅಲುಮೆಲ್ ಎಂಬ ಎರಡು ಮಿಶ್ರಲೋಹದ ತಂತಿಗಳ ತುದಿ ಬೆಸೆದಿರುತ್ತಾರೆ. ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್ ಹುಟ್ಟುತ್ತದೆ. ಬೆಸುಗೆಯಲ್ಲಿ ಕರೆಂಟ್ ಹುಟ್ಟುತ್ತದೆ, ತಂತಿ ಅದನ್ನು ತಂದು ಕೊಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಾಗಿ ತಂತಿ ಡ್ಯಾಶ್‌ಬೋರ್ಡಿಗೆ ಎಟುಕದಿದ್ದಾಗ ಬಾನೆಟ್ಟಿನ ಕೆಳಗೇ ಎರಡು ಅಡಿ ತಾಮ್ರದ ತಂತಿ ಸೇರಿಸಿ ಟೇಪ್ ಸುತ್ತಿದೆ.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಗೇಜ್ ಸರಿಯಾಗಿತ್ತು. ಒಂದು ಗಂಟೆ ಓಡಿಸಿ ಬಂದ ಮೇಲೆ ಐಡಲಿನಲ್ಲಿ 150 ಡಿಗ್ರಿ ತೋರಿಸಿತು. ಮೇಸ್ತ್ರಿ ಥರ್ಮೊಕಪಲ್ ಓದುವ ತಮ್ಮ ಕೈಮೀಟರನ್ನು ಪ್ರೋಬಿನ ಸ್ವಂತ ತಂತಿಗೇ ಹಚ್ಚಿದರು: 190. "ನೀನು ಹಾಕಿದ ಜಾಯಿಂಟ್ ಮುಟ್ಟಿ ನೋಡು" ಎಂದರು. ಕೈ ಚುರ್ರೆಂದಿತು.

ಇಲ್ಲೇ ನಾನು ಎಡವಿದ್ದು. ವೋಲ್ಟೇಜ್ ಹುಟ್ಟುವುದು ಬೆಸುಗೆಯಲ್ಲಲ್ಲ. ತಂತಿಯ ಉದ್ದಕ್ಕೂ, ಬಿಸಿ ಎಲ್ಲೆಲ್ಲಿ ಇಳಿಯುತ್ತದೆಯೋ ಅಲ್ಲೆಲ್ಲ. ಪ್ರೋಬಿನ ತುದಿಯಲ್ಲಿ 600 ಡಿಗ್ರಿ, ಕ್ಯಾಬಿನ್ನಿನಲ್ಲಿ 30 ಎನ್ನಿ. ಸರಿಯಾದ ತಂತಿ 570 ಡಿಗ್ರಿಯ ಇಳಿತವನ್ನು ಹೇಳುತ್ತದೆ, ಗೇಜ್ ತನ್ನ ಬೆನ್ನಿಗೆ ತಂತಿ ಸೇರುವಲ್ಲಿನ ಬಿಸಿ 30 ಸೇರಿಸಿ 600 ತೋರಿಸುತ್ತದೆ. ನನ್ನ ಜಾಯಿಂಟ್ 70 ಡಿಗ್ರಿಯಲ್ಲಿತ್ತು. ಅಲ್ಲಿಂದಾಚೆ ಎರಡೂ ತಂತಿ ತಾಮ್ರ. ಎರಡರಲ್ಲೂ ಹುಟ್ಟುವುದು ಸಮ, ಒಂದನ್ನೊಂದು ಹೊಡೆದುಹಾಕುತ್ತದೆ. ಹೀಗಾಗಿ 70ರಿಂದ 30ಕ್ಕೆ ಇಳಿದದ್ದು ಲೆಕ್ಕಕ್ಕೇ ಬರಲಿಲ್ಲ. 530ಕ್ಕೆ ಗೇಜ್ 30 ಸೇರಿಸಿ 560 ತೋರಿಸುತ್ತದೆ. ಮನೆಯ ಎತ್ತರ ಅಳೆಯುವಾಗ ಟೇಪಿನ ಬುಡವನ್ನು ನೆಲಕ್ಕಿಡದೆ ಜಗುಲಿಯ ಮೇಲಿಟ್ಟಂತೆ: ಜಗುಲಿಯಷ್ಟು ಎತ್ತರ ಕಳೆದೇ ಹೋಯಿತು. ಬೆಳಿಗ್ಗೆ ಬಾನೆಟ್ಟೂ ಕ್ಯಾಬಿನ್ನೂ ಒಂದೇ ಬಿಸಿಯಲ್ಲಿದ್ದವು, ಜಗುಲಿಯೇ ಇರಲಿಲ್ಲ. ಅದಕ್ಕೇ ತಪ್ಪು ಕಾಣಲಿಲ್ಲ. ಕಡಿಮೆ ತೋರಿಸುವ ಗೇಜ್ ಇಲ್ಲದ ಗೇಜಿಗಿಂತ ಅಪಾಯ, ಡ್ರೈವರ್ ಅದನ್ನು ನಂಬಿ ಇನ್ನಷ್ಟು ಒತ್ತುತ್ತಾನೆ.

ಎಸ್.ಪಿ. ರಸ್ತೆಯಲ್ಲಿ ಹುಡುಕಿ ಕೆ ಟೈಪಿನದೇ ಎಕ್ಸ್‌ಟೆನ್ಶನ್ ತಂತಿ ತಂದೆ. ಕೆಂಪನ್ನು ಪ್ಲಸ್ಸಿಗೆ ಕಟ್ಟಿದೆ. ಎಂಜಿನ್ ಕಾದಂತೆ ಮುಳ್ಳು ಕೆಳಗೆ ಇಳಿಯಿತು! ಅಮೆರಿಕದ ಬಣ್ಣಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಬ್ಯಾಟರಿ ತಂತಿ ನೋಡಿ ಪಳಗಿದ ಕಣ್ಣಿಗೆ ಇದು ಒಗ್ಗುವುದಿಲ್ಲ. ಬಣ್ಣ ಬಿಡಿ, ಅಯಸ್ಕಾಂತ ಹಿಡಿಯಿರಿ: ಅಂಟುವುದು ಅಲುಮೆಲ್, ಅದು ಮೈನಸ್. ಅಂಟದ್ದು ಕ್ರೊಮೆಲ್, ಪ್ಲಸ್. ಈಗ ಜೇಬಿನಲ್ಲಿ ಒಂದು ಚೂರು ಸ್ಪೀಕರ್ ಅಯಸ್ಕಾಂತ ಇಟ್ಟುಕೊಂಡೇ ಇರುತ್ತೇನೆ.

ಪ್ರೋಬನ್ನು ಕೂರಿಸುವ ಮೊದಲೇ ಪರೀಕ್ಷಿಸಲು ಟೀ ಪಾತ್ರೆಯ ಕುದಿಯುವ ನೀರು ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಗ್ಯಾರೇಜಿನಲ್ಲಿ 25 ಡಿಗ್ರಿ ಇದ್ದರೆ ಮಲ್ಟಿಮೀಟರಿನಲ್ಲಿ ಸುಮಾರು 3 ಮಿಲಿವೋಲ್ಟ್ ಬರಬೇಕು. ಮುಂದೆ ಮೈನಸ್ ಗುರುತು ಬಂದರೆ ತಂತಿ ಅದಲುಬದಲು.

ಓದುವುದು

ಪೆಟ್ರೋಲ್ ಎಂಜಿನ್ ಓದಿದವರಿಗೆ ಇಲ್ಲಿ ಉಲ್ಟಾ ಅನ್ನಿಸುತ್ತದೆ: ಡೀಸೆಲಿನಲ್ಲಿ ಗಾಳಿಗೆ ಹೋಲಿಸಿ ಎಣ್ಣೆ ಹೆಚ್ಚಾದಷ್ಟೂ ಬಿಸಿ. ಟರ್ಬೊಗೆ ಮುಂಚೆ 700 ಡಿಗ್ರಿಯ ಹತ್ತಿರ ಬಹಳ ಹೊತ್ತು ನಿಲ್ಲಿಸಬಾರದು ಎಂಬುದು ಮೇಸ್ತ್ರಿಯ ಗೆರೆ. ಶಿರಾಡಿ ಘಾಟಿ ಏರುವಾಗ ಮುಳ್ಳು ಅಲ್ಲಿಗೆ ಬಂದರೆ ಆಕ್ಸಿಲರೇಟರ್ ಸಡಿಲಿಸಿ ಒಂದು ಗೇರ್ ಕೆಳಗಿಳಿಸಬೇಕು. ಆರ್‌ಪಿಎಂ ಏರಿ ಗಾಳಿ ಹೆಚ್ಚು ನುಗ್ಗುತ್ತದೆ, ಮುಳ್ಳು ಇಳಿಯುತ್ತದೆ.